ಲಂಡನ್ನಿನಲ್ಲಿ ತೆರೆಯದ ಮಾವಿನ ಪುಟ

ವೆಬ್‌ಸೈಟು ಮಾಡಿಕೊಡುವ ಕೆಲಸದಲ್ಲಿ ಕಂಪ್ಯೂಟರಿನಿಂದ ಆದ ಫಜೀತಿಗಿಂತ ಅದರ ಮುಂದೆ ಕೂತವರಿಂದ ಆದದ್ದೇ ಹೆಚ್ಚು. ಕೂತವರಲ್ಲಿ ನಾನೂ ಒಬ್ಬ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕೋಲಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಆಗಿನ ಒಂದೇ ಒಂದು ಕೆಲಸದ ಕತೆ ಇದು.

ಗೋಡೌನು

ಶ್ರೀನಿವಾಸಪುರದ ದಾರಿಯಲ್ಲಿ ಮಾವಿನ ತಿರುಳನ್ನು ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಯೊಂದಿತ್ತು. ಅದರ ಮಾಲೀಕರಿಗೆ ನಾನೇ ವೆಬ್‌ಸೈಟು ಮಾಡಿಕೊಟ್ಟಿದ್ದೆ. ಒಂದು ದಿನ ಕರೆಸಿಕೊಂಡು ಲಂಡನ್ನಿನ ವ್ಯಾಪಾರಿಯೊಬ್ಬನ ಪತ್ರ ತೋರಿಸಿದರು. ನಿಮ್ಮ ಪುಟ ತೆರೆಯಲು ಬಿಟ್ಟು ಹೋಗಿ ಟೀ ಕಾಸಿ ಕುಡಿದು ಬಂದೆ, ಇನ್ನೂ ಅರ್ಧ ಮಾವಿನಹಣ್ಣೇ ಕಾಣುತ್ತಿದೆ, ಚಿತ್ತೂರಿನ ಕಾರ್ಖಾನೆಯವರ ಪುಟ ಬೇಗ ಬರುತ್ತದೆ ಎಂದು ಬರೆದಿದ್ದ. ಸುಗ್ಗಿಗೆ ಎರಡು ತಿಂಗಳಿತ್ತು. ಈತ ಚಿತ್ತೂರಿಗೆ ಹೋದರೆ ಕಾರ್ಖಾನೆಯ ಅರ್ಧ ಮಾಲು ಇಲ್ಲೇ ಉಳಿಯುತ್ತದೆ ಎಂಬುದು ಮಾಲೀಕರ ಹೆದರಿಕೆ.

ಇಲ್ಲಿ ಟಕ್ ಅಂತ ಬರುತ್ತಲ್ಲ, ಅವರ ಕಂಪ್ಯೂಟರೇ ಸೋಂಬೇರಿ ಇರಬೇಕು ಎಂದರು. ಹಾಗಲ್ಲ ಎಂದೆ. ಫೋಟೊಗಳೆಲ್ಲ ಬೆಂಗಳೂರಿನ ಒಂದು ಕಂಪ್ಯೂಟರಿನಲ್ಲಿವೆ, ಅಲ್ಲಿಂದ ಲಂಡನ್ ದೂರ. ಕೆಲವು ಕಂಪನಿಗಳು ಅವುಗಳ ನಕಲನ್ನು ಬೇರೆ ಬೇರೆ ದೇಶಗಳಲ್ಲಿ ಇಟ್ಟುಕೊಂಡು, ನೋಡುವವರಿಗೆ ಹತ್ತಿರದಿಂದ ಕೊಡುತ್ತವೆ. ಇದಕ್ಕೆ ಸಿಡಿಎನ್ ಅನ್ನುತ್ತಾರೆ ಎಂದು ವಿವರಿಸಿದೆ.

“ಅಂದ್ರೆ ಗೋಡೌನು” ಎಂದರು ಮಾಲೀಕರು.

ಅಷ್ಟು ಬೇಗ ಇದನ್ನು ಅರ್ಥ ಮಾಡಿಕೊಂಡವರನ್ನು ನಾನು ಬೆಂಗಳೂರಿನಲ್ಲೂ ಕಂಡಿರಲಿಲ್ಲ. ಹೌದು ಎಂದು ಖುಷಿಯಿಂದ ತಲೆಯಾಡಿಸಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು.

“ಫೋಟೊ ಇಟ್ಕೊಳ್ಳೋರು, ಪಕ್ಕದಲ್ಲೇ ನಾಲ್ಕು ಡ್ರಮ್ ತಿರುಳು ಇಟ್ಕೊಳ್ಳಲ್ವೇನಪ್ಪಾ? ಕೇಳಿ ನೋಡು.”

ಕಾಗದದ ಮೇಲಿನ ವೇಗ

ಎರಡು ಕಂಪನಿಗಳನ್ನು ಪರೀಕ್ಷಿಸಿ ಒಂದನ್ನು ಆರಿಸುವುದು ಎಂದಾಯಿತು. ಮೊದಲನೆಯ ಕಂಪನಿಯಿಂದ ಟೈ ಕಟ್ಟಿಕೊಂಡು ಒಬ್ಬರು ಬೆಂಗಳೂರಿನಿಂದ ಬಂದರು. ಪ್ರಪಂಚದ ನಕ್ಷೆ ಹಾಸಿ, ಕೆಂಪು ಚುಕ್ಕೆ ಇರುವಲ್ಲೆಲ್ಲ ನಮ್ಮ ಸರ್ವರ್ ಇದೆ ಎಂದರು. ಮಾಲೀಕರು ಕನ್ನಡಕ ಏರಿಸಿ ಕೋಲಾರ ಹುಡುಕಿದರು. ನಿಮ್ಮ ಕಡೆಯವರಿಗೆ ಫೋಟೊ ಸದ್ಯಕ್ಕೆ ಸಿಂಗಾಪುರದಿಂದ ಬರುತ್ತದೆ ಎಂದು ಬಂದವರು ಹೇಳಿದರು. ಪಕ್ಕದ ಗೌನಿಪಲ್ಲಿಯವರು ನಮ್ಮ ಹಣ್ಣು ನೋಡಬೇಕಾದರೂ ಸಿಂಗಾಪುರಕ್ಕೆ ಹೋಗಿ ಬರಬೇಕೇ ಎಂದು ಮಾಲೀಕರು ಕೇಳಿದಾಗ, ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುತ್ತಾರೆ ಸಾರ್ ಎಂದರು.

ಹಾಗಾದರೆ ತೋರಿಸಿ ಎಂದಾಯಿತು. ಆದರೆ ಅವತ್ತು ರಸ್ತೆ ಅಗೆಯುವವರು ಟೆಲಿಫೋನ್ ತಂತಿ ಕತ್ತರಿಸಿದ್ದರು. ಬಂದವರು ಒಂದು ಗಂಟೆ ಗುಂಡಿ ಒತ್ತಿದರು. ಟೈ ಸಡಿಲವಾಯಿತು. ಅವರ ಕಂಪನಿಯ ಪುಟವೇ ತೆರೆಯಲಿಲ್ಲ. ಕೊನೆಗೆ ಬ್ಯಾಗಿನಿಂದ ಅಚ್ಚು ಹಾಕಿಸಿದ ಹಾಳೆಗಳನ್ನು ತೆಗೆದು, ಯಾವ ದೇಶದಲ್ಲಿ ಎಷ್ಟು ಬೇಗ ತೆರೆಯುತ್ತದೆ ಎಂದು ಒಂದೊಂದಾಗಿ ತಿರುವಿ ತೋರಿಸಿದರು.

ಮಾಲೀಕರು ಮರ್ಯಾದಸ್ಥರು. ಹಾಳೆಗಳನ್ನು ಹಿಂದಕ್ಕೆ ಕೊಡುತ್ತಾ, “ಕಾಗದದಲ್ಲಂತೂ ತುಂಬಾ ಫಾಸ್ಟಾಗಿದೆ” ಎಂದರು.

ರೋಗಿ ಯಾರು

ಇಲ್ಲಿ ಕೂತು ಹೊರದೇಶದ ವೇಗ ಅಳೆಯಲು ನಂಬಿಕೆಯ ಜನ ಬೇಕಿತ್ತು. ಮಸ್ಕತ್ತಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಮುಳಬಾಗಿಲಿನ ಒಬ್ಬ ಪರಿಚಯದವನಿದ್ದ. ಲಂಡನ್ನಿನಲ್ಲಿ ಮಾಲೂರಿನ ಒಬ್ಬ ನರ್ಸಮ್ಮ ಇದ್ದರು. ಪುಟ ತೆರೆದು, ಗಡಿಯಾರ ನೋಡಿ ಹೇಳಿ ಎಂದು ಇಬ್ಬರನ್ನೂ ಕೇಳಿಕೊಂಡೆ.

ವೆಲ್ಡರ್ ಪ್ರತಿ ಸಲವೂ ತಕ್ಷಣ ಬಂತು ಅನ್ನುತ್ತಿದ್ದ. ನನಗೆ ಅನುಮಾನ ಬಂತು. ಒಂದು ದಿನ ಅವನು ನೆಟ್ ಸೆಂಟರಿನಲ್ಲಿ ಕೂತಿದ್ದಾಗಲೇ ಫೋನಿನಲ್ಲಿ ಹಿಡಿದುಕೊಂಡೆ. ಬಂತಾ ಎಂದರೆ ಬಂತು ಎಂದ. ಏನು ಕಾಣುತ್ತಿದೆ ಎಂದರೆ ಅಲ್ಲಿನ ಬಿಸಿಲಿನ ಮಾತು ತೆಗೆದ. ಕೊನೆಗೆ ಬಾಯಿ ಬಿಟ್ಟ: “ಇನ್ನೂ ಏನೂ ಬಂದಿಲ್ಲಣ್ಣಾ. ನಮ್ಮ ಕಡೆಯೋರದ್ದು ನಿಧಾನ ಅಂತ ಪರದೇಶದಲ್ಲಿ ಕೂತು ಹೆಂಗೆ ಹೇಳ್ಲಿ?”

ನರ್ಸಮ್ಮ ಹಾಗಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಅವರ ವೃತ್ತಿ. ಅವರ ವರದಿ ನೇರವಾಗಿ ಕಾರ್ಖಾನೆಯ ಫ್ಯಾಕ್ಸಿಗೆ ಬಂತು. ಮೊದಲ ಅರ್ಧ ನಿಮಿಷ ಏನೂ ಚಲನೆ ಇಲ್ಲ. ಆಮೇಲೆ ಮೇಲ್ಭಾಗ ಮಾತ್ರ ಸ್ವಲ್ಪ ಸ್ವಲ್ಪ. ಮಧ್ಯೆ ಎರಡು ಸಲ ಪೂರ್ತಿ ನಿಂತುಹೋಯಿತು. ಈಗ ಸ್ಥಿರವಾಗಿದೆ, ಆದರೆ ಬಣ್ಣ ಬಿಳಿಚಿಕೊಂಡಿದೆ.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಮಾಲೀಕರ ಮನೆಯವರೆಲ್ಲ ಆಫೀಸಿನಲ್ಲಿ ಸೇರಿದ್ದರು. ಲಂಡನ್ನಿನಲ್ಲಿ ನಮ್ಮವರು ಯಾರಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರು.

ಮೊದಲ ಪುಟ

ಎರಡೂ ಕಂಪನಿಗಳನ್ನು ಸಮನಾಗಿ ತೂಗಲು ಒಂದೇ ಫೋಟೊ ಬೇಕಿತ್ತು, ಅದೂ ಭಾರದ್ದು, ಅಂದರೆ ತೆರೆಯಲು ಹೊತ್ತು ಹಿಡಿಯುವಂಥದ್ದು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಭಾರದ ಫೋಟೊ ಹುಡುಕಿದಾಗ, ಹೋದ ಸುಗ್ಗಿಯಲ್ಲಿ ಗುಮಾಸ್ತರು ಹೊಸ ಕ್ಯಾಮೆರಾದಲ್ಲಿ ತೆಗೆದದ್ದೊಂದು ಸಿಕ್ಕಿತು. ಅದರಲ್ಲಿ ಮಾಲೀಕರು ಊಟವಾದ ಮೇಲೆ ಬನಿಯನ್ನಿನಲ್ಲಿ, ಮಾವಿನ ಕ್ರೇಟುಗಳ ನಡುವೆ ಬೆತ್ತದ ಕುರ್ಚಿಯಲ್ಲಿ, ತಲೆ ಎಡಕ್ಕೆ ವಾಲಿಸಿ ಬಾಯಿ ಬಿಟ್ಟು ನಿದ್ದೆ ಹೋಗಿದ್ದರು. ಹತ್ತು ನಿಮಿಷದ ಪರೀಕ್ಷೆ ತಾನೇ ಎಂದು ಮೊದಲ ಪುಟದಲ್ಲಿ ಅದನ್ನೇ ಹಾಕಿದೆ. ನರ್ಸಮ್ಮ ತೆರೆದು ನೋಡಿ ಸೆಕೆಂಡು ಮಾತ್ರ ಬರೆದು ಕಳಿಸಿದರು. ಎರಡನೆಯ ಕಂಪನಿ ಗೆದ್ದಿತು. ಅದನ್ನೇ ಉಳಿಸಿಕೊಂಡು, ನಿದ್ದೆಯ ಫೋಟೊ ತೆಗೆದು ಹಣ್ಣಿನ ಫೋಟೊ ಹಾಕಿದೆ. ಶ್ರೀನಿವಾಸಪುರದಲ್ಲಿ ಹಣ್ಣು ಚೆನ್ನಾಗಿ ಕಾಣುತ್ತಿತ್ತು.

ಒಮ್ಮೆ ಇಳಿಸಿಕೊಂಡ ಮಾಲನ್ನು, ಅಂದರೆ ಫೋಟೊವನ್ನು, ಲಂಡನ್ನಿನ ಗೋಡೌನಿನವರು ತಾವಾಗಿ ಬದಲಿಸುವುದಿಲ್ಲ, ಹಳೆಯದನ್ನು ಎಸೆಯಿರಿ ಎಂದು ಹೇಳಬೇಕು. ಅದು ನನಗೆ ಮರೆತುಹೋಗಿತ್ತು. ವಾರದ ಮೇಲೆ ಲಂಡನ್ ವ್ಯಾಪಾರಿಯ ಪತ್ರ ಬಂತು. ಪುಟ ಈಗ ತಕ್ಷಣ ತೆರೆಯುತ್ತದೆ. ಚಿತ್ತೂರಿನವರು ಯಂತ್ರಗಳ ಚಿತ್ರ ಹಾಕಿದ್ದಾರೆ. ನಿಮ್ಮದು ಇಷ್ಟವಾಯಿತು. ಹಣ್ಣು ತಾನಾಗಿ ಹಣ್ಣಾಗುವ ತನಕ ಇಷ್ಟು ನೆಮ್ಮದಿಯಿಂದ ಕಾಯುವವರು ಔಷಧಿ ಹಾಕುವುದಿಲ್ಲ ಎಂಬ ನಂಬಿಕೆ ಬಂತು. ಖುದ್ದಾಗಿ ಭೇಟಿಗೆ ಬರುತ್ತೇನೆ.

ಇಷ್ಟು ನೆಮ್ಮದಿಯಿಂದ ಯಾರು ಕಾಯ್ತಿದ್ದಾರೆ ಎಂದು ಮಾಲೀಕರು ನನ್ನನ್ನು ಕೇಳಿದರು. ಅಂಗಡಿ ಮುಚ್ಚಿ ಊರು ಬಿಡಬೇಕಾದೀತು ಎಂದುಕೊಂಡೇ ನಿದ್ದೆಯ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಬೈಯಲಿಲ್ಲ. ಬನಿಯನ್ನಾದರೂ ಒಗೆದದ್ದು ಹಾಕಿಕೊಂಡಿದ್ದೆನಲ್ಲ ಎಂದರು, ಅಷ್ಟೆ.

ಸುಗ್ಗಿಯಲ್ಲಿ ವ್ಯಾಪಾರಿ ಬಂದ. ಮಾಲೀಕರು ಕ್ಷೌರ ಮಾಡಿಸಿಕೊಂಡು, ಕೋಟು ತೊಟ್ಟು, ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಇಂಗ್ಲಿಷಿಗೆಂದು ನಾನು ಪಕ್ಕದಲ್ಲಿದ್ದೆ. ಆತ ಹಾರ ಹಾಕಿಸಿಕೊಂಡು, ಸುತ್ತ ನೋಡಿ, ಮಾಲೀಕರು ಎಲ್ಲಿ ಎಂದ. ಇವರೇ ಎಂದೆ. ಆತ ಮತ್ತೊಮ್ಮೆ ನೋಡಿ ಸಣ್ಣಗೆ ನಕ್ಕ. ನಂಬಿದ ನಗು ಅಲ್ಲ ಅದು. ಯಾರನ್ನೋ ತಂದು ನಿಲ್ಲಿಸಿದ್ದೇವೆ ಅಂದುಕೊಂಡ ಹಾಗಿತ್ತು. ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು.

ಮಾಲೀಕರಿಗೆ ಅರ್ಥವಾಯಿತು. ನೇರ ಒಳಗೆ ಹೋದರು, ನಾವಿಬ್ಬರೂ ಹಿಂದೆ. ಕೋಟು ಬಿಚ್ಚಿಟ್ಟು ಬೆತ್ತದ ಕುರ್ಚಿಯಲ್ಲಿ ಕೂತರು. ತಲೆ ಎಡಕ್ಕೆ ವಾಲಿಸಿದರು. ಕಣ್ಣು ಮುಚ್ಚಿ ಬಾಯಿ ಸ್ವಲ್ಪ ತೆರೆದರು.

ವ್ಯಾಪಾರಿಯ ಮುಖ ಅರಳಿತು. ಹೋಗಿ, ಕುರ್ಚಿಯಿಂದ ಜೋತುಬಿದ್ದಿದ್ದ ಕೈಯನ್ನೇ ಹಿಡಿದು ಕುಲುಕಿದ.

ಮಾಲೀಕರು ಕಣ್ಣು ತೆರೆಯದೆಯೇ ನನ್ನನ್ನು ಮೆಲ್ಲಗೆ ಕೇಳಿದರು: “ಒಪ್ಕೊಂಡನಾ? ಎದ್ದೇಳ್ಲಾ?”