ಬದರಿನಾಥನಿಗೆ ಹೇಳಿದ ಮೂರು ಬಣ್ಣ

ಕೌಸಲ್ಯಾ: ನಾನ್ಯಾಕೆ ರೀ ಸುಳ್ಳು ಹೇಳ್ಲಿ? ಮೋಡ ಇತ್ತು, ಮೋಡ ಅಂದೆ.

ಅಶ್ವತ್ಥನಾರಾಯಣ: ಸುಳ್ಳು ಹೇಳು ಅಂದ್ನಾ ನಾನು? ಸುಮ್ನೆ ಇರಬಹುದಿತ್ತಲ್ಲ ಅಂದೆ.

ಕೌಸಲ್ಯಾ: ನೀವು ಸುಮ್ನೆ ಇದ್ರಾ?

(ಅಮೆರಿಕದ ಶೋರ್‌ಲೈನ್ ಎಂಬ ಊರಿನ ಬೀದಿಯೊಂದು ಸಮುದ್ರದ ಕಡೆ ಹೋಗಿ ಮುಗಿಯುವ ಜಾಗ. ಕಾರು ನಿಂತಿದೆ. ೨೦೧೫ರ ಜೂನ್ ತಿಂಗಳು. ರಾತ್ರಿ ಹತ್ತೂಕಾಲಾದರೂ ಪಶ್ಚಿಮದಲ್ಲಿ ಇನ್ನೂ ಬೆಳಕು ಹೋಗಿಲ್ಲ. ಮುಂದಿನ ಸೀಟಿನಲ್ಲಿ ಅಶ್ವತ್ಥನಾರಾಯಣ, ಮೈಸೂರು ಬಸ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ ಬಸ್ಸು ಬಂದು ಹೋಗುವ ಟೈಮು ಬರೆಯುವ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಹಿಂದೆ ಅವರ ಹೆಂಡತಿ ಕೌಸಲ್ಯಾ, ಮಡಿಲಲ್ಲಿ ಚಕ್ಕುಲಿ ಡಬ್ಬಿ. ಹೊರಗೆ ಕ್ಯಾಮೆರಾಗೆ ಸ್ಟ್ಯಾಂಡ್ ಹಾಕುತ್ತಿರುವವನು ಮಗ ಜಯಂತ್. ಅವನಿಗೆ ಹಗಲೆಲ್ಲ ಸೌತ್ ಲೇಕ್ ಯೂನಿಯನ್ನಿನ ಆಫೀಸು, ಕತ್ತಲಾದರೆ ಆಕಾಶ. ಶನಿವಾರ ಸೂರ್ಯನ ಮೇಲೆ ದೊಡ್ಡ ಜ್ವಾಲೆ ಎದ್ದಿದೆ, ಅದರಿಂದ ಇವತ್ತು ಉತ್ತರದ ಆಕಾಶದಲ್ಲಿ ಅರೋರಾ ಎಂಬ ಬಣ್ಣದ ಬೆಳಕು ಬೆಳಗಬಹುದು ಎಂದು ಅವನ ಫೋನು ಹೇಳಿದೆ. ಮಾರ್ಚಿನಲ್ಲೂ ಇದೇ ಫೋನು ಇದನ್ನೇ ಹೇಳಿತ್ತು.)

ಜಯಂತ್: ಕಾರೊಳಗೆ ಲೈಟ್ ಆಫ್ ಮಾಡಿ ಅಪ್ಪ. ಕಣ್ಣು ಕತ್ತಲೆಗೆ ಹೊಂದ್ಕೋಬೇಕು. ಏನು ಗಲಾಟೆ?

ಕೌಸಲ್ಯಾ: ಮಾರ್ಚಲ್ಲಿ ಇಲ್ಲೇ ಬಂದು ಮೂರು ಗಂಟೆ ಮೋಡ ನೋಡಿ, ಉಪ್ಪಿಟ್ಟು ತಿಂದು ವಾಪಸ್ ಹೋದ್ವಲ್ಲ? ಅವತ್ತು ಇವರು ಊರಲ್ಲಿರೋ ವಾಕಿಂಗ್ ಸ್ನೇಹಿತ ಬದರಿನಾಥರಿಗೆ ಏನು ಬರ್ದಿದಾರೆ ಕೇಳು.

ಅಶ್ವತ್ಥನಾರಾಯಣ: (ಕಿಟಕಿಯಾಚೆ ನೋಡುತ್ತ) ಕಂಡಿತು ಅಂತ ಬರ್ದೆ.

ಕೌಸಲ್ಯಾ: ಪೂರ್ತಿ ಹೇಳಿ.

ಅಶ್ವತ್ಥನಾರಾಯಣ: ಕೆಂಪು, ನೀಲಿ, ಹಳದಿ. ದಸರಾ ದೀಪಾಲಂಕಾರ ಇದ್ದ ಹಾಗೆ. ಹನ್ನೊಂದು ನಿಮಿಷ.

ಜಯಂತ್: ಹನ್ನೊಂದು ಯಾಕಪ್ಪ?

ಅಶ್ವತ್ಥನಾರಾಯಣ: ಹತ್ತು ಅಂದ್ರೆ ಅಂದಾಜಿಗೆ ಹೇಳಿದ ಹಾಗಿರುತ್ತೆ.

ಕೌಸಲ್ಯಾ: ಕಣ್ಣಾರೆ ನೋಡದ ಬಸ್ಸು ಬಂತು ಅಂತ ಒಂದು ದಿನಾನೂ ಬರ್ದಿಲ್ಲ ಅಂತ ಕೊಚ್ಕೊಳ್ತಿದ್ರಲ್ಲ?

ಅಶ್ವತ್ಥನಾರಾಯಣ: ಅದು ಡ್ಯೂಟಿ. ಇದು ಬದರಿನಾಥ. ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಂದು ಎಂಟು ತಿಂಗಳು ಹಿಮದ ಕಥೆ ಹೇಳ್ದ ಕಣೋ! ವಾಕಿಂಗ್‌ಗೆ ಬರೋ ಏಳು ಜನಾನೂ ಎಂಟು ತಿಂಗಳು ಕೇಳಿದೀವಿ. ನಾನು ಅಮೆರಿಕದಲ್ಲಿ ಆರು ತಿಂಗಳಿದ್ದು ಮೋಡ ನೋಡ್ಕೊಂಡು ಬಂದೆ ಅಂತ ಹೇಳ್ಲಾ?

ಕೌಸಲ್ಯಾ: ಅದನ್ನೇ ನಾನು ಅವತ್ತು ನಮ್ಮ ಸಹಸ್ರನಾಮದ ಗ್ರೂಪಲ್ಲಿ ಹಾಕಿದ್ದೆ. ಬದರಿನಾಥರ ಹೆಂಡತೀನೂ ಅದರಲ್ಲಿದಾರೆ. ಇವರು ಹೀಗೆ ಬರ್ದಿದಾರೆ ಅಂತ ನಂಗೇನು ಕನಸು ಬಿದ್ದಿತ್ತಾ?

(ಗಂಡ ಹೆಂಡತಿ ಹೇಳಿದ್ದು ತಾಳೆಯಾಗುವುದಿಲ್ಲ ಎಂಬ ವಿಷಯ ಮೈಸೂರಿನಲ್ಲಿ ಮೂರು ತಿಂಗಳ ಮೇಲೆ ಬೆಳಕಿಗೆ ಬಂದಿತ್ತು. ಇವತ್ತು ಬೆಳಿಗ್ಗೆ ಬದರಿನಾಥರು ಬರೆದಿದ್ದರು: ‘ಭಾನುವಾರ ಪಾರ್ಕಿಗೆ ಬಾ. ಎಲ್ಲರೂ ಕಾಯ್ತಿದ್ದೀವಿ. ಫೋಟೋ ತಾ.’ ನಾಳೆ ಬೆಳಿಗ್ಗೆ ಊರಿಗೆ ವಿಮಾನ.)

ಜಯಂತ್: ಅಂದ್ರೆ ಇವತ್ತು ಕಾಣ್ಲೇಬೇಕು.

ಅಶ್ವತ್ಥನಾರಾಯಣ: ಇವತ್ತು ಕಂಡ್ರೆ ತಾರೀಕು ಒಂದು ತಪ್ಪಾಯ್ತು, ಅಷ್ಟೆ. ಕಾಣದಿದ್ರೆ ನಾನು ವಾಕಿಂಗ್ ಬಿಡಬೇಕು.

ಕೌಸಲ್ಯಾ: ಡಾಕ್ಟರು ವಾಕಿಂಗ್ ಬಿಡಬಾರ್ದು ಅಂದಿದಾರೆ.

ಅಶ್ವತ್ಥನಾರಾಯಣ: ಅದಕ್ಕೇ ಹೇಳ್ತಿರೋದು. ಜಯಂತ, ಇದು ಸೂರ್ಯನಿಂದ ಹೊರಟಿದ್ದು ಯಾವಾಗ?

ಜಯಂತ್: ಶನಿವಾರ ಸಂಜೆ.

ಅಶ್ವತ್ಥನಾರಾಯಣ: ದೂರ?

ಜಯಂತ್: ಹದಿನೈದು ಕೋಟಿ ಕಿಲೋಮೀಟರ್.

ಅಶ್ವತ್ಥನಾರಾಯಣ: ಮಧ್ಯೆ ಸ್ಟಾಪು?

ಜಯಂತ್: ಸ್ಟಾಪ್ ಎಲ್ಲಿಂದ ಬರುತ್ತಪ್ಪ?

ಅಶ್ವತ್ಥನಾರಾಯಣ: ನಾನ್‌ಸ್ಟಾಪ್ ಗಾಡಿ ಮತ್ಯಾಕೆ ಲೇಟು?

ಜಯಂತ್: ಲೇಟಿಲ್ಲ. ಭೂಮಿಗೆ ಇವತ್ತು ಮಧ್ಯಾಹ್ನಾನೇ ಬಂದಿದೆ. ಕತ್ತಲಾದ್ಮೇಲೆ ಕಾಣ್ಬೇಕು.

ಅಶ್ವತ್ಥನಾರಾಯಣ: ಹಾಗ್ಹೇಳು. ಸ್ಟ್ಯಾಂಡ್ ಒಳಗೆ ಬಂದಿದೆ, ಪ್ಲಾಟ್‌ಫಾರ್ಮಿಗೆ ಬಂದಿಲ್ಲ.

(ಜೇಬಿನಿಂದ ಪುಟ್ಟ ಪುಸ್ತಕ, ಪೆನ್ನು ತೆಗೆದು, ಅದು ಬಂದ ಟೈಮು ಬರೆಯಲು ಕೈಯಲ್ಲಿ ಹಿಡಿದುಕೊಂಡರು. ಗಂಡ ಹೆಂಡತಿ ಕಾರಿನಿಂದಿಳಿದರು. ಮೂವರೂ ಉತ್ತರಕ್ಕೆ ಮುಖ ಮಾಡಿ ನಿಂತರು. ಚಕ್ಕುಲಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.)

ಅಶ್ವತ್ಥನಾರಾಯಣ: ಅಗೋ! ಹಳದಿ!

ಜಯಂತ್: ಅದು ಫೆರಿ ಅಪ್ಪ. ಕಾರುಗಳನ್ನ ತುಂಬ್ಕೊಂಡು ಆಚೆ ದಡಕ್ಕೆ ಹೋಗ್ತಿದೆ.

ಅಶ್ವತ್ಥನಾರಾಯಣ: ಅಲ್ಲಿ ಮೇಲೆ ಕೆಂಪು?

ಜಯಂತ್: ವಿಮಾನ.

ಅಶ್ವತ್ಥನಾರಾಯಣ: ಈ ನೀಲಿ?

ಜಯಂತ್: ಹಿಂದೆ ಪೊಲೀಸ್ ಗಾಡಿ ಹೋಯ್ತು. ಅದರ ಬೆಳಕು ಬೇಲಿ ಮೇಲೆ ಬಿತ್ತು.

ಅಶ್ವತ್ಥನಾರಾಯಣ: ಮೂರೂ ಬಣ್ಣ ಬಂತಲ್ಲ ಕೌಸಲ್ಯಾ. ಬೇರೆ ಬೇರೆಯಾಗಿ ಬಂತು, ಅಷ್ಟೆ.

ಕೌಸಲ್ಯಾ: ಬರ್ಕೊಳ್ಳಿ. ಒಂದು ಫೆರಿ, ಒಂದು ವಿಮಾನ, ಒಂದು ಪೊಲೀಸು.

(ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಕೌಸಲ್ಯಾ ಸ್ವೆಟರಿನ ಮೇಲೆ ಶಾಲು ಹೊದ್ದರು. ಆಮೇಲೆ ಉತ್ತರದಲ್ಲಿ, ಗುಡ್ಡಗಳಿಗಿಂತ ಸ್ವಲ್ಪ ಮೇಲೆ, ಬೂದು ಬಣ್ಣದ ಒಂದು ಕಮಾನು ಕಂಡಿತು. ಜಯಂತ್ ಓಡಿಹೋಗಿ ಕ್ಯಾಮೆರಾ ಒತ್ತಿದ.)

ಜಯಂತ್: ಬಂತು! ಅಪ್ಪ, ಅದೇ!

ಅಶ್ವತ್ಥನಾರಾಯಣ: ಇದಾ?

ಜಯಂತ್: ಇದೇ.

ಅಶ್ವತ್ಥನಾರಾಯಣ: ಬೂದಿ ಬಳಿದ ಹಾಗಿದೆಯಲ್ಲೋ. ಕೆಂಪೆಲ್ಲಿ?

ಜಯಂತ್: ಇಷ್ಟು ದಕ್ಷಿಣದಲ್ಲಿ ಬರಿಗಣ್ಣಿಗೆ ಬಣ್ಣ ಅಷ್ಟಾಗಿ ಕಾಣಲ್ಲ. ಕ್ಯಾಮೆರಾದಲ್ಲಿ ಹಸಿರು ಬಂದಿದೆ, ನೋಡಿ.

ಅಶ್ವತ್ಥನಾರಾಯಣ: ಹಸಿರಾ! ನಾನು ಹಸಿರು ಹೇಳೇ ಇಲ್ವಲ್ಲೋ!

ಕೌಸಲ್ಯಾ: ಶ್! ಸುಮ್ನೆ ನೋಡಿ ರೀ.

(ಕಮಾನು ಅಲುಗಾಡಿತು. ಅದರೊಳಗಿಂದ ಬೆಳಕಿನ ಕಂಬವೊಂದು ಎದ್ದು, ನಿಂತು, ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಸದ್ದಿಲ್ಲದೆ ಎದ್ದವು, ಸದ್ದಿಲ್ಲದೆ ಮಂಕಾದವು. ಅಶ್ವತ್ಥನಾರಾಯಣರು ಬಾಯಿ ತೆರೆದುಕೊಂಡೇ ನಿಂತಿದ್ದರು. ಪೆನ್ನು ಹುಲ್ಲಿನ ಮೇಲೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಕೌಸಲ್ಯಾ ಅವರ ಕೋಟಿನ ತೋಳು ಹಿಡಿದುಕೊಂಡರು. ಹಾಗೆ ಹಿಡಿದು ಬಹಳ ವರ್ಷಗಳಾಗಿದ್ದವು.)

ಕೌಸಲ್ಯಾ: (ಎಲ್ಲ ಮಂಕಾದ ಮೇಲೆ) ಎಷ್ಟು ನಿಮಿಷ ಇತ್ತು ರೀ?

ಅಶ್ವತ್ಥನಾರಾಯಣ: ಗೊತ್ತಿಲ್ಲ.

ಕೌಸಲ್ಯಾ: ಬರ್ಕೊಳ್ಲಿಲ್ವಾ?

ಅಶ್ವತ್ಥನಾರಾಯಣ: ಇಲ್ಲ ಕಣೇ. ಮರ್ತೇಹೋಯ್ತು.

(ಅವರು ಟೈಮು ಬರೆಯಲು ಮರೆತದ್ದು ಅದೇ ಮೊದಲು. ಕಾರು ಮನೆಯ ಕಡೆ ಹೊರಟಿತು. ಮುಂದಿನ ಸೀಟಿನಲ್ಲಿ ಅಶ್ವತ್ಥನಾರಾಯಣರು ಒಂದೇ ಬೆರಳಿನಲ್ಲಿ ಫೋನು ಒತ್ತುತ್ತಿದ್ದರು. ಹಿಂದಿನ ಸೀಟಿನಲ್ಲೂ ಒಂದು ಫೋನು ಬೆಳಗುತ್ತಿತ್ತು. ಊರಿನಲ್ಲಿ ಆಗ ನಡುಮಧ್ಯಾಹ್ನ.)

ಜಯಂತ್: ಫೋಟೋ ಕಳಿಸಿದ್ರಾ ಅಪ್ಪ?

ಅಶ್ವತ್ಥನಾರಾಯಣ: ಫೋಟೋ ಬೇಡ. ನಿಜ ಬರ್ದು ಕಳಿಸ್ದೆ.

ಕೌಸಲ್ಯಾ: (ತಟ್ಟನೆ ಮುಂದಕ್ಕೆ ಬಾಗಿ) ಏನಂತ?

ಅಶ್ವತ್ಥನಾರಾಯಣ: ‘ಬದರಿ, ಮಾರ್ಚಲ್ಲಿ ನಾನು ಏನೂ ನೋಡಿಲ್ಲ. ಬರ್ದಿದ್ದೆಲ್ಲ ಸುಳ್ಳು. ಇವತ್ತು ನೋಡ್ದೆ. ಬೂದು ಬಣ್ಣ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.’ ಅಂಥದ್ದನ್ನ ನೋಡಿದ ಮೇಲೂ ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ ಕಣೇ. ನಗ್ಲಿ ಬಿಡು.

ಕೌಸಲ್ಯಾ: ಅಯ್ಯೋ ರಾಮ!

ಅಶ್ವತ್ಥನಾರಾಯಣ: ಏನಾಯ್ತು?

ಕೌಸಲ್ಯಾ: ನೀವು ಅಲ್ಲಿ ಮಗುವಿನ ಹಾಗೆ ನಿಂತಿದ್ದು ನೋಡಿ ನಂಗೆ ಕರುಳು ಚುರುಕ್ ಅಂತು. ನಾಲ್ಕು ಜನರ ಮುಂದೆ ಇವರು ತಲೆ ತಗ್ಗಿಸೋದು ಬೇಡ ಅಂತ, ನಾನು ಗ್ರೂಪಲ್ಲಿ ಹಾಕಿಬಿಟ್ಟೆ.

ಅಶ್ವತ್ಥನಾರಾಯಣ: ಏನಂತ?

ಕೌಸಲ್ಯಾ: ‘ಮಾರ್ಚಲ್ಲಿ ನಾನು ಕಾರಲ್ಲಿ ನಿದ್ದೆ ಹೋಗಿದ್ದೆ. ನಮ್ಮನೆಯವರು ನೋಡಿದ್ದು ನಿಜ. ಕೆಂಪು, ನೀಲಿ, ಹಳದಿ.’

(ಸಿಗ್ನಲ್ ಕೆಂಪಾಯಿತು. ಜಯಂತ್ ಕಾರು ನಿಲ್ಲಿಸಿದ.)

ಜಯಂತ್: ಡಿಲೀಟ್ ಮಾಡ್ಬಿಡಮ್ಮ!

ಕೌಸಲ್ಯಾ: ನನ್ನ ಫೋನಲ್ಲಿ ಅಳಿಸಿದ್ರೆ ಅವರ ಫೋನಲ್ಲಿ ಹಾಗೇ ಇರುತ್ತೆ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ? ಹನ್ನೆರಡು ಜನ ಕೈ ಮುಗಿದಿರೋ ಗೊಂಬೆ ಹಾಕಿಯೂ ಆಯ್ತು.

(ಮುಂದಿನ ಸೀಟಿನ ಫೋನು ಟಿಣ್ ಎಂದಿತು. ಅಶ್ವತ್ಥನಾರಾಯಣರು ಕನ್ನಡಕ ಸರಿಮಾಡಿಕೊಂಡು, ನಿಲ್ದಾಣದ ಮೈಕಿನಲ್ಲಿ ಹೇಳುತ್ತಿದ್ದ ದನಿಯಲ್ಲೇ ಓದಿದರು.)

ಅಶ್ವತ್ಥನಾರಾಯಣ: ‘ಅಶ್ವತ್ಥ, ನನ್ನ ಹೆಂಡತಿ ಈಗ ತಾನೇ ಗ್ರೂಪ್ ನೋಡಿ ಹೇಳಿದಳು. ಕೌಸಲ್ಯಮ್ಮನವರು ಸುಳ್ಳು ಹೇಳೋರಲ್ಲ. ಮಾರ್ಚಲ್ಲಿ ನೀನು ನೋಡಿದ್ದು ಖಾತ್ರಿಯಾಯ್ತು, ಅನುಮಾನಪಟ್ಟಿದ್ದಕ್ಕೆ ಕ್ಷಮಿಸು. ಆದರೆ ಇವತ್ತು ಬೂದು ಬಣ್ಣ ಕಂಡಿತು ಅಂತೀಯಲ್ಲ, ಅದು ಮೋಡ ಇರಬೇಕು ಕಣಯ್ಯ.’

(ಸಿಗ್ನಲ್ ಹಸಿರಾಯಿತು. ಜಯಂತ್ ಕಾರು ಬಿಡುವುದನ್ನೇ ಮರೆತ.)

ಅಶ್ವತ್ಥನಾರಾಯಣ: ಮೋಡ ಅಂತೆ.

ಕೌಸಲ್ಯಾ: ಇದ್ರೂ ಇರಬಹುದು ರೀ. ಅವರು ಸ್ವಿಟ್ಜರ್ಲೆಂಡ್ ನೋಡಿ ಬಂದವರು.