ಅತ್ತೆಗಾಗಿ ಕಾರು ತಗ್ಗಿಸಿದ್ದು

ನಮ್ಮ ಅತ್ತೆ ಕಾರು ಹತ್ತಲಾರರು. ಅತ್ತೆಯನ್ನು ಎತ್ತರ ಮಾಡುವುದು ನನ್ನ ಕೈಯಲ್ಲಿಲ್ಲ. ಆದ್ದರಿಂದ ಕಾರನ್ನೇ ತಗ್ಗಿಸಬೇಕು! ಒಂದು ಸೋಮವಾರ ಜಪಕ್ಕೆ ಕೂತಿದ್ದಾಗ ಈ ಉಪಾಯ ಹೊಳೆಯಿತು. ಜಪದಲ್ಲಿ ಹೊಳೆದದ್ದು ತಪ್ಪಾಗುವುದುಂಟೇ ಎಂದುಕೊಂಡೆ.

ನಾವು ತೆಲಂಗಾಣದ ಗಡಿಯ ಮಕ್ತಲ್‌ನವರು. ನಮ್ಮ ಮನೆಯವರು ನಾರಾಯಣಪೇಟೆಯ ಶಾಲೆಯಲ್ಲಿ ಮೇಷ್ಟ್ರು. ದಿನಾ ಕಾರಿನಲ್ಲೇ ಹೋಗಿ ಬರುತ್ತಾರೆ. ಹಳೆಯ ಕಾರಾದರೂ ಮೆತ್ತಗಿತ್ತು. ಎಂಥ ತಗ್ಗಿಗೆ ಇಳಿದರೂ ತೊಟ್ಟಿಲು ತೂಗಿದ ಹಾಗೆ ತೂಗಿ ಸುಮ್ಮನಾಗುತ್ತಿತ್ತು.

ಅತ್ತೆಗೆ ಎರಡೂ ಮೊಣಕಾಲು ಹಿಡಿದಿವೆ. ಗದ್ವಾಲದಲ್ಲಿ ಅವರ ಅಕ್ಕ, ನಮ್ಮ ದೊಡ್ಡತ್ತೆ, ಇದ್ದಾರೆ. ಅವರಿಗೆ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. "ಪೂರಾ ಕತ್ತಲಾಗೋದ್ರಾಗ ನಿನ್ನ ಮಾರಿ ಒಮ್ಮೆ ನೋಡಬೇಕವ್ವಾ" ಎಂದು ಫೋನಿನಲ್ಲಿ ಅತ್ತಿದ್ದರು. ಅವತ್ತಿನಿಂದ ಅತ್ತೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರು.

ಮೊದಲು ಕಾರಿನ ಬಾಗಿಲ ಬಳಿ ಒಂದು ಮಣೆ ಇಟ್ಟು ನೋಡಿದ್ದೆ. ಅತ್ತೆ ಹೌಹಾರಿದರು.

"ಊಟಕ್ಕ ಹಾಕೋ ಮಣಿ ಮ್ಯಾಲ ಕಾಲಿಡ್ಲ್ಯಾ? ನನಗೇನು ಅನ್ನ ಬ್ಯಾಡಾಗೇತೇನ?"

ಹೊಸ ಮಣೆ ತರಿಸಿದೆ. ಮಣೆ ಅಂದರೆ ಮಣೆಯೇ ಅಂದರು.

ಸರಿ, ಅಳತೆಗೆ ಇಳಿದೆ. ಅತ್ತೆ ಹೊಸ್ತಿಲು ದಾಟುವಾಗ ಪಾದ ಎಷ್ಟು ಮೇಲೇಳುತ್ತದೆ ಎಂದು ಹಿಂದೆಯೇ ಬಗ್ಗಿಕೊಂಡು ಹೋಗಿ ನೋಡಿದೆ. ಒಂದು ಗೇಣಿಗೆ ಎರಡು ಬೆರಳು ಹೆಚ್ಚು. ಅಷ್ಟುದ್ದದ ಒಂದು ದಾರ ಕತ್ತರಿಸಿ, ಸೆರಗಿಗೆ ಗಂಟು ಹಾಕಿಕೊಂಡು, ನಮ್ಮವರ ಜೊತೆ ನಾರಾಯಣಪೇಟೆಯ ಖಾಸಿಂ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ.

ಖಾಸಿಂ ದಾರವನ್ನು ನೋಡಿದ. ಕಾರನ್ನು ನೋಡಿದ. ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದ.

"ಅಮ್ಮಾ, ತಗ್ಗಿಸೋ ಸ್ಪ್ರಿಂಗ್ ಬರತಾವ್ರಿ. ಆದ್ರ ಅವು ಗಿಡ್ಡ ಇರತಾವು, ಬಿರುಸು ಇರತಾವು. ಅವಕ್ಕ ಹೊಂದೋ, ಕುಲುಕು ತಡಿಯೋ ಶಾಕಬ್ಸರ್ ಹಾಕಬೇಕು. ಮೆತ್ತಂದು ಹಾಕಿದ್ರ ಗಾಡಿ ಕುಣೀತೈತಿ. ಭಾಳ ಗಟ್ಟಿದು ಹಾಕಿದ್ರ ಮಂದೀನ ಎತ್ತಿ ಒಗೀತೈತಿ. ದಿನಾ ಓಡಾಡೋ ಗಾಡಿ ಐತಿ, ಇದ್ದಂಗ ಬಿಡ್ರಿ."

"ಖಾಸಿಂ ಹೇಳೋದು ಬರೋಬ್ಬರಿ ಐತಿ" ಎಂದರು ನಮ್ಮವರು.

"ನಿಮಗ ನಿಮ್ಮ ಅವ್ವಗಿಂತ ಕಾರು ಹೆಚ್ಚಾತೇನ್ರಿ?"

ನಾನು ಹೀಗೆಂದದ್ದೇ ತಡ, ಅವರು ಟೀ ಕುಡಿಯಲು ಹೊರಗೆ ಹೋದರು.

ಖಾಸಿಂ ಎರಡು ಜೊತೆ ಶಾಕಬ್ಸರ್ ತಂದಿಟ್ಟ. ನಾನು ಪಾತ್ರೆ ಕೊಳ್ಳುವಾಗ ಮಾಡುವಂತೆ ತೂಕ ನೋಡಿದೆ, ಬೆರಳಿನಿಂದ ಬಡಿದೆ, ಅಂಗೈಯಿಂದ ಒತ್ತಿದೆ. ಒಂದು ಜೊತೆ ಒತ್ತಿದರೆ ಒಳಗಿಳಿಯಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಅಲುಗದ್ದೇ ಒಳ್ಳೆಯದು, ಅತ್ತೆಯೂ ಅಲುಗದೆ ಕೂತಿರುತ್ತಾರೆ ಎಂದು ಗಟ್ಟಿಯದನ್ನೇ ಆರಿಸಿದೆ.

"ಒಮ್ಮೆ ದೊಡ್ಡಮ್ಮನ್ನ ಕರ್ಕೊಂಡ ಬರ್ರಿ. ಕುಂಡರಿಸಿ ನೋಡಿ ಹಾಕೋಣು" ಎಂದು ಖಾಸಿಂ ಕೊನೆಯ ಪ್ರಯತ್ನ ಮಾಡಿದ.

"ಅವರಿಗೆ ಕಾರು ಹತ್ತಾಕ ಬಂದಿದ್ರ ನಾ ಯಾಕ ಇಲ್ಲಿಗೆ ಬರತಿದ್ದೆಪ್ಪಾ?"

ಅವನೂ ಟೀ ಕುಡಿಯಲು ಹೋದ.

ಎರಡು ದಿನದ ಮೇಲೆ ಕಾರು ಮನೆಗೆ ಬಂತು. ಹೊಟ್ಟೆ ನೆಲಕ್ಕೂರಿ ಮಲಗಿದ ಎಮ್ಮೆಯ ಹಾಗೆ ಬಾಗಿಲಲ್ಲಿ ಕಂಡಿತು. ಗುರುವಾರ ಒಳ್ಳೆಯ ದಿನವೆಂದು ಬಾನೆಟ್ಟಿಗೆ ಮೈಲಾರಲಿಂಗನ ಭಂಡಾರ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಅತ್ತೆ ಬಂದರು. ಪಾದ ಎತ್ತಿದರು. ಒಳಗಿಟ್ಟರು! ಆಮೇಲೆ ಧೊಪ್ಪನೆ ಸೀಟಿನೊಳಗೆ ಹೋದರು. ಸೀಟು ತಳದಲ್ಲಿತ್ತು. ಮೊಣಕಾಲು ಗದ್ದದ ಹತ್ತಿರ ಬಂದವು. ನನ್ನ ಕಣ್ಣಲ್ಲಿ ಆನಂದದ ನೀರು ತುಂಬಿದ್ದರಿಂದ ಅದು ಕಾಣಲಿಲ್ಲ.

ನಮ್ಮವರಿಗೆ ಕಂಡಿತು. "ಅವ್ವಾ, ಒಮ್ಮೆ ಇಳಿದು ತೋರ್ಸು."

"ಹೊಂಟು ಕುಂತವರನ್ನ ಇಳಸ್ತಾರೇನ್ರಿ? ಅಪಶಕುನ!" ಎಂದು ಗದರಿದೆ. ಅತ್ತೆಯೂ ತಲೆಯಾಡಿಸಿದರು. ಅತ್ತೆ ಸೊಸೆ ಒಂದಾದರೆ ಮೇಷ್ಟ್ರು ಏನು ಮಾಡಿಯಾರು? ಗಾಡಿ ಬಿಟ್ಟರು.

ಮೊದಲ ಕುಲುಕು ರಸ್ತೆಯಲ್ಲಿ ಬರಲಿಲ್ಲ, ನಿಂಬೆಹಣ್ಣಿನ ಮೇಲೆ ಬಂತು. ಒಂದು ನಿಂಬೆಹಣ್ಣು ಮನುಷ್ಯರ ಬೆನ್ನುಹುರಿಗೆ ಅಷ್ಟು ಪೆಟ್ಟು ಕೊಡಬಲ್ಲದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮುಂದೆ ಪ್ರತಿ ಊರಿನ ಸ್ಪೀಡ್‌ಬ್ರೇಕರಿಗೂ ಕಾರಿನ ಹೊಟ್ಟೆ ಕೊರ್ರೆಂದು ಉಜ್ಜಿತು. ಭಾರ ಕಡಿಮೆಯಾಗಲೆಂದು ನಾನು ಇಳಿದು ನಡೆಯುವುದು, ದಾಟಿದ ಮೇಲೆ ಮತ್ತೆ ಹತ್ತುವುದು. ದಾರಿಯಲ್ಲಿನ ಜೂರಾಲ ಆಣೆಕಟ್ಟು ಬರುವಷ್ಟರಲ್ಲಿ ನಾನು ಗದ್ವಾಲಕ್ಕೆ ಅರ್ಧ ಪಾದಯಾತ್ರೆ ಮಾಡಿದ್ದೆ. ಆಯಿಲ್ ಚೇಂಬರ್ ಒಡೆಯಲಿಲ್ಲ, ಅದು ಸ್ವಾಮಿಯ ದಯೆ. ಅತ್ತೆಯ ಹಲ್ಲಿನ ಸೆಟ್ಟು ಹಾರಿ ಮಡಿಲಿಗೇ ಬಿತ್ತು, ಕಿಟಕಿಯ ಹೊರಗೆ ಬೀಳಲಿಲ್ಲ. ಅದೂ ದಯೆಯೇ.

ಗದ್ವಾಲದ ಓಣಿಯಲ್ಲಿ ಕಾರು ನಿಂತಿತು. ಬಾಗಿಲು ತೆರೆದು, "ಬರ್ರಿ ಅತ್ತಿ" ಎಂದು ಕೈ ಚಾಚಿದೆ.

ಅತ್ತೆ ಏಳಲು ನೋಡಿದರು. ಮತ್ತೆ ನೋಡಿದರು. ಮೊಣಕಾಲು ಹಿಡಿದವರಿಗೆ ಕಾಲು ಎತ್ತಿ ಇಡುವುದು ಕಷ್ಟ ನಿಜ. ತಳದಲ್ಲಿ ಕೂತು ಏಳುವುದು ಅದರ ಹತ್ತರಷ್ಟು ಕಷ್ಟ. ನಾನು ಹತ್ತುವುದನ್ನು ದಾರ ಹಿಡಿದು ಅಳೆದಿದ್ದೆ. ಏಳುವುದನ್ನು ಅಳೆದೇ ಇರಲಿಲ್ಲ!

"ಮಾದೇವಿ, ಆಗವಲ್ದು" ಎಂದರು ಅತ್ತೆ. ದನಿ ಸಣ್ಣದಾಗಿತ್ತು. "ಬಾಗಿಲ ತನಕ ಬಂದು ಅಕ್ಕನ್ನ ನೋಡದ ಹೋಗಬೇಕೇನವಾ?"

ಆ ಕ್ಷಣ ನನಗೆ ನೆಲದೊಳಗೆ ಇಳಿದು ಹೋಗಬೇಕೆನಿಸಿತು. ಆದರೆ ಅಲ್ಲಿ ನನ್ನ ಕಾರು ಮೊದಲೇ ಜಾಗ ಹಿಡಿದಿತ್ತು.

ಅಷ್ಟರಲ್ಲಿ ದೊಡ್ಡತ್ತೆಯೇ ಗೋಡೆ ತಡವುತ್ತ ಹೊರಗೆ ಬಂದರು. "ಎಲ್ಲಿ ಅದಾಳ ನನ್ನ ತಂಗಿ?" ನಾನು ಕೈ ಹಿಡಿದು ಕರೆತಂದೆ. ಕಾರಿನೊಳಗೆ ಬಗ್ಗಿ ಹುಡುಕಿ, ತಂಗಿಯ ಪಕ್ಕದಲ್ಲಿ ಕೂತು, ಎರಡೂ ಕೈಯಲ್ಲಿ ಅವರ ಮುಖ ಹಿಡಿದು ಕಣ್ಣಿನ ತೀರ ಹತ್ತಿರ ತಂದುಕೊಂಡರು. ಆಮೇಲೆ ದೊಡ್ಡತ್ತೆ ಅಂದರು, "ಏನವ್ವಾ, ಇಷ್ಟು ಮುದುಕಿ ಆಗೀದಿ!"

"ನೀನೇನು ಹೊಸಾ ಮದುಮಗಳ ಹಂಗ ಅದೀಯೇನ?"

ಇಬ್ಬರೂ ನಕ್ಕರು, ಅತ್ತರು. ನಾನು ಬಾಗಿಲು ಮುಂದೆ ಮಾಡಿ ದೂರ ನಿಂತೆ. ಉಪ್ಪಿಟ್ಟು, ಚಹಾ ಎಲ್ಲ ಕಿಟಕಿಯಿಂದಲೇ ಹೋಯಿತು.

ಒಂದು ತಾಸಿನ ಮೇಲೆ ದೊಡ್ಡತ್ತೆ ಏಳಲು ಹೋದರು. ಅವರಿಗೂ ಆಗಲಿಲ್ಲ!

ಈಗ ಕಾರಿನಲ್ಲಿ ಇಬ್ಬರು. ಓಣಿಯ ಗಂಡಸರೆಲ್ಲ ಸೇರಿದರು. "ಮೆಲ್ಲಗಾ, ಮೆಲ್ಲಗಾ!" ಎಂದು ತೆಲುಗಿನಲ್ಲಿ ಒಬ್ಬ ಹೇಳುವುದು, ನಾಲ್ವರು ಎಳೆಯುವುದು. ದೊಡ್ಡತ್ತೆ ಹೊರಬಂದಾಗ ಜನ ಚಪ್ಪಾಳೆ ತಟ್ಟಿದರು. ಅತ್ತೆಯನ್ನು ಇಳಿಸಿದರೆ ಮತ್ತೆ ಕೂರಿಸಬೇಕಲ್ಲ ಎಂದು ಹೆದರಿ ಹಾಗೆಯೇ ಬಿಟ್ಟೆವು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರು ಇಡೀ ಓಣಿಗೆ ಕೇಳುವಂತೆ ಹೇಳಿದರು, "ನನ್ನ ಸಲುವಾಗಿ ಸೊಸಿ ಕಾರು ಇಳಿಸ್ಯಾಳ್ರಿ!" ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಹಿಂದಿರುಗುವಾಗ ಆಣೆಕಟ್ಟಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಇಳದಿದ್ರ ಆ ಮನಿ ತುಂಬ ಮಂದಿ. ಒಬ್ಬರಾದ ಮ್ಯಾಲೆ ಒಬ್ಬರು ಮಾತಾಡಸ್ತಿದ್ರು. ನಾವಿಬ್ಬರ ಕೂಡಿ ಕುಂತು ಎಷ್ಟು ವರ್ಷ ಆಗಿತ್ತೋ ಏನೋ. ಪುಣ್ಯ ಕಟ್ಟಿಕೊಂಡಿ ಮಾದೇವಿ."

ನನ್ನ ಎದೆ ಉಬ್ಬಿತು. ಗಟ್ಟಿ ಶಾಕಬ್ಸರಿನ ಕುಲುಕೂ ಹಿತವೆನಿಸಿತು.

"ಆದ್ರ" ಎಂದರು ಅತ್ತೆ, "ಇನ್ನ ಮ್ಯಾಲೆ ನನ್ನ ಸಲುವಾಗಿ ಏನೂ ಮಾಡಬ್ಯಾಡವಾ."

"ಆಗಲಿರಿ ಅತ್ತಿ" ಎಂದೆ.

ಕಾರು ನಡೆಸುತ್ತಿದ್ದ ನಮ್ಮವರು ಹಿಂದೆ ತಿರುಗದೆಯೇ ಅಂದರು, "ನನ್ನ ಸಲುವಾಗೂ."