ಬೆನ್ನ ಹಿಂದಿನ ಖೋ

ನನಗೆ ಬರುವುದು ಒಂದೇ ಆಟ. ಅದೂ ಪೂರ್ತಿ ಬರುವುದಿಲ್ಲ. ಖೋ ಖೋ ಆಟದಲ್ಲಿ ‘ಖೋ’ ಎನ್ನುವಷ್ಟು ಭಾಗ ಮಾತ್ರ ಬರುತ್ತದೆ. ಆದರೆ ಆ ಭಾಗದಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಯಾರೂ ಇಲ್ಲವೆಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ.

ಈ ವಿದ್ಯೆ ನನಗೆ ಒಲಿದದ್ದು ಮಗಳು ಶ್ರಾವಣಿಯ ದೆಸೆಯಿಂದ. ಆರನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಶಾಲೆಯ ಖೋ ಖೋ ತಂಡಕ್ಕೆ ಸೇರಿಸಿಕೊಂಡರು. ಓಡುವುದು ಚೆನ್ನಾಗಿತ್ತು, ಏಳುವುದರಲ್ಲಿ ಮಾತ್ರ ಎಡವಟ್ಟು. ಆಟ ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಬೆನ್ನಟ್ಟುವ ತಂಡದ ಎಂಟು ಮಂದಿ ಮೈದಾನದ ನಡುವೆ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ ಮಾಡಿ, ಪಕ್ಕದವರು ಆ ಕಡೆ ಮುಖ ಮಾಡಿ. ಒಂಬತ್ತನೆಯವರು ಓಡಿ ಬಂದು, ಕೂತವರ ಬೆನ್ನು ಮುಟ್ಟಿ ‘ಖೋ’ ಅಂದಾಗ ಮಾತ್ರ ಅವರು ಎದ್ದು ಓಡಬೇಕು. ಮೊದಲೇ ಎದ್ದರೆ ಫೌಲ್. ತಡವಾಗಿ ಎದ್ದರೆ ಎದುರಾಳಿ ಪರಾರಿ. ಹಿಂದೆ ತಿರುಗಿ ನೋಡುತ್ತ ಕೂತರೆ ಆಟ ಮುಗಿದ ಹಾಗೆಯೇ. ಕಿವಿಯನ್ನೂ ಬೆನ್ನನ್ನೂ ನಂಬಿ ಕೂಡಬೇಕು.

ಶ್ರಾವಣಿ ಒಮ್ಮೆ ಮೊದಲೇ ಏಳುತ್ತಿದ್ದಳು, ಒಮ್ಮೆ ಏಳುತ್ತಲೇ ಇರಲಿಲ್ಲ. ‘ಮನ್ಯಾಗ ಯಾರಾದ್ರೂ ಹಿಂದ ನಿಂತು ರೂಢಿ ಮಾಡಸ್ರಿ’ ಎಂದು ಪಿ.ಟಿ. ಟೀಚರ್ ಹೇಳಿ ಕಳಿಸಿದರು. ಮನೆಯಲ್ಲಿ ನಿಲ್ಲಬಲ್ಲವರು ಇಬ್ಬರೇ. ನನ್ನ ಹೆಂಡತಿ ಸುಮಂಗಲಾಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು.

‘ನನಗ ರೊಟ್ಟಿ ಬಡಿಯೂದೈತಿ. ನೀವು ಕುಂತು ಪೇಪರ್ ಓದೂದಷ್ಟ ಐತಿ. ನೀವ ಅನ್ರಿ ಖೋ,’ ಎಂದು ನನ್ನನ್ನು ನೇಮಕ ಮಾಡಿದಳು. ಸಂದರ್ಶನವಿಲ್ಲದೆ ನನಗೆ ಸಿಕ್ಕ ಏಕೈಕ ಹುದ್ದೆ ಅದು.

ಮೂರು ವರ್ಷ ಆ ಸೇವೆ ಸಲ್ಲಿಸಿದೆ. ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ, ಮುಂಜಾನೆ ಐದೂವರೆಗೆ, ನೀರಿನ ಟಾಕಿಯ ಕಡೆ ಮುಖ ಮಾಡಿ ಅವಳು ಕೂಡುತ್ತಿದ್ದಳು. ನಾನು ಹಿಂದೆ ನಿಲ್ಲುತ್ತಿದ್ದೆ. ಕೆಲವು ಸಲ ತಕ್ಷಣ ಅನ್ನುತ್ತಿದ್ದೆ. ಕೆಲವು ಸಲ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಸತಾಯಿಸುತ್ತಿದ್ದೆ. ಅವಳು ಉಸಿರು ಹಿಡಿದು ಕಾಯುತ್ತಿದ್ದಳು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಎರಡು ಜಡೆ, ಎರಡು ಕಿವಿ, ಅಂಗೈಯಗಲದ ಒಂದು ಬೆನ್ನು. ಆ ಬೆನ್ನಿಗೆ ಕೈ ತಾಗಿಸಿ ‘ಖೋ’ ಅಂದರೆ ಸಾಕು, ಹುಡುಗಿ ಟಾಕಿ ಸುತ್ತಿಕೊಂಡು ಮಾಳಿಗೆಯ ಆ ತುದಿಯಲ್ಲಿರುತ್ತಿದ್ದಳು. ಕಚೇರಿಯಲ್ಲಿ ನಾನು ಹೇಳಿದರೆ ಒಂದು ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದಿಲ್ಲ. ಇಲ್ಲಿ ಒಂದು ಅಕ್ಷರಕ್ಕೆ ಒಂದು ಜೀವ ಓಡುತ್ತಿತ್ತು. ನನ್ನ ಆಯುಷ್ಯದಲ್ಲಿ ಅಷ್ಟು ಸುಖದ ಮುಂಜಾನೆಗಳು ಬೇರೆ ಬಂದಿಲ್ಲ.

ಪಕ್ಕದ ಮನೆಯ ಕಟ್ಟೀಮನಿ ಕಾಕಾ ಅವರದ್ದು ಮಾತ್ರ ತಕರಾರು. ಅವರು ಮಲಗುವ ಕೋಣೆಯ ಕಿಟಕಿ ನಮ್ಮ ಮಾಳಿಗೆಯ ಕಟ್ಟೆಗೆ ಹತ್ತಿಕೊಂಡೇ ಇದೆ.

‘ಸಾಹೇಬ್ರ, ನಾ ರಿಟೈರ್ ಆಗಿದ್ದ ಮುಂಜಾನಿ ನಿದ್ದಿ ಸಲುವಾಗಿ. ನೀವು ಖೋ ಅಂದ್ಕೂಡ್ಲೆ ನಾ ಹಾಸಿಗ್ಯಾಗ ಎದ್ದು ಕುಂಡ್ರತೇನಿ. ನನ್ನೂ ಟೀಮಿಗೆ ತಗೋರಿ ಹಂಗಾದ್ರ,’ ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು.

ಶ್ರಾವಣಿ ಒಂಬತ್ತನೇ ಕ್ಲಾಸಿಗೆ ಬಂದಳು. ಮುಂಜಾನೆಯ ಅಭ್ಯಾಸ ಶಾಲೆಯ ಮೈದಾನದಲ್ಲೇ ಶುರುವಾಯಿತು. ಶಾಲು ಇಲ್ಲ, ಹಾರ ಇಲ್ಲ, ನಾಲ್ಕು ಒಳ್ಳೆಯ ಮಾತಿಲ್ಲ, ನಾನು ನಿವೃತ್ತನಾದೆ. ಆದರೆ ಐದೂವರೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ತುಳಸಿಗೆ ನೀರು ಹಾಕುವ ನೆಪದಲ್ಲಿ ಮೇಲೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ. ಅವಳು ಕೂಡುತ್ತಿದ್ದ ಜಾಗದಲ್ಲಿ ಸಿಮೆಂಟು ಸ್ವಲ್ಪ ನುಣುಪಾಗಿದೆ. ಒಂದು ದಿನ ತಡೆಯಲಾಗದೆ, ಅಲ್ಲಿ ಯಾರೂ ಇಲ್ಲದಿದ್ದರೂ, ಮೆಲ್ಲಗೆ ‘ಖೋ’ ಅಂದೆ.

‘ಯಾರಿಗ್ರೀ?’ ಎಂದು ಕಿಟಕಿಯಿಂದ ಕಾಕಾ ಕೇಳಿದರು.

ಹೀಗಿರುವಾಗ ಅವಳ ಪಂದ್ಯ ನೋಡಲಾದರೂ ಹೋಗೋಣವೆಂದು ಒಮ್ಮೆ ಹೋದೆ. ಅಲ್ಲಿ ನನ್ನಿಂದಾದ ಅಪರಾಧ ಸಣ್ಣದು. ಅವಳು ಜಾರಿ ಬಿದ್ದಾಗ, ಮನೆಯಲ್ಲಿ ಕರೆಯುವ ಹಾಗೆ ‘ಬಂಗಾರೆವ್ವಾ, ಹತ್ತಿತೇನವ್ವಾ?’ ಎಂದು ಮೈದಾನದ ನಡುವಿನವರೆಗೆ ಓಡಿದೆ. ಕೈಯಲ್ಲಿ ಅರಿಷಿಣದ ಡಬ್ಬಿಯಿತ್ತು. ಅಂದಿನಿಂದ ಇಡೀ ತಂಡ ಅವಳನ್ನು ಬಂಗಾರೆವ್ವ ಎಂದೇ ಕರೆಯತೊಡಗಿತು. ಎದುರು ತಂಡದವರೂ.

ಆದ್ದರಿಂದ ತಾಲೂಕಿನ ಫೈನಲ್ ಬಂದಾಗ ಅವಳು ನನ್ನ ಮುಂದೆ ಬಂದು ಕೂತಳು. ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ, ಅದಕ್ಕಾಗಿ ಮೂರು ವರ್ಷ ಕಾದಿದ್ದಳು.

‘ಅಪ್ಪಾ, ಶನಿವಾರ ಗೋಪನಕೊಪ್ಪದ ಮ್ಯಾಚಿಗೆ ನೀ ಬರಬ್ಯಾಡ.’

‘ನಾ ಸುಮ್ನ ಮೂಲ್ಯಾಗ ನಿಂತಿರ್ತೇನಿ.’

‘ನಿನಗ ಸುಮ್ನ ನಿಂದ್ರಾಕ ಬರೂದಿಲ್ಲ. ಬರೂದಿಲ್ಲಂತ ಹೇಳು.’

‘ಆತು, ನಿನ್ನ ಕಣ್ಣಿಗೆ ಬೀಳೂದಿಲ್ಲ,’ ಎಂದೆ. ಅವಳು ಬರುವುದಿಲ್ಲ ಎಂದು ಹೇಳು ಅಂದಿದ್ದಳು, ನಾನು ಕಣ್ಣಿಗೆ ಬೀಳುವುದಿಲ್ಲ ಎಂದಿದ್ದೆ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಪತ್ರ ಬರೆದವನ ಅನುಭವ ಎಲ್ಲಿ ಹೋಗುತ್ತದೆ!

ಶನಿವಾರ ‘ಅನಿವಾರ್ಯ ಕೌಟುಂಬಿಕ ಕಾರಣ’ದ ರಜೆ ಹಾಕಿದೆ. ಮಗಳು ಹೋದ ಅರ್ಧ ಗಂಟೆಗೆ ಹೆಲ್ಮೆಟ್ ಕೈಗೆತ್ತಿಕೊಂಡೆ. ಸುಮಂಗಲಾ ಅಡುಗೆಮನೆಯಿಂದಲೇ ನೋಡಿದಳು.

‘ಹೆಲ್ಮೆಟ್ ಯಾಕ್ರಿ? ಪೊಲೀಸ್ರು ಹಿಡದಾಗೂ ಹಾಕ್ಕೊಂಡಾವ್ರಲ್ಲ ನೀವು.’

‘ಜೀವಕ್ಕ ಛಲೋ.’

‘ಗೋಪನಕೊಪ್ಪದ ಗ್ರೌಂಡಿನ್ಯಾಗ ಜೀವಕ್ಕೇನ್ ಧಾಡಿ ಐತಿ? ಹೋಗೂದಿದ್ರ ಹೋಗ್ರಿ, ಬಾಯಿ ಮಾತ್ರ ಮನ್ಯಾಗ ಇಟ್ಟು ಹೋಗ್ರಿ.’

ನನ್ನ ಯೋಜನೆ ಸರಳವಾಗಿತ್ತು. ಶ್ರಾವಣಿಯ ಬೆನ್ನು ಯಾವ ಕಡೆ ಇರುತ್ತದೋ ಆ ಕಡೆಯ ಗೆರೆಯ ಹೊರಗೆ ಹೆಲ್ಮೆಟ್ ಹಾಕಿಕೊಂಡು ನಿಲ್ಲುವುದು. ಅವಳು ಆಟ ಬಿಟ್ಟು ಹಿಂದೆ ತಿರುಗುವುದಿಲ್ಲ. ನನಗೋ ಆ ಬೆನ್ನು ನೋಡಿ ಮೂರು ವರ್ಷದ ರೂಢಿ. ಇಬ್ಬರಿಗೂ ತೊಂದರೆಯಿಲ್ಲ.

ಒಂದು ಸಂಗತಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಖೋ ಸಿಕ್ಕವರು ಎದ್ದು ಓಡುತ್ತಾರೆ, ಇನ್ನೊಬ್ಬರಿಗೆ ಖೋ ಕೊಟ್ಟು ಅವರ ಜಾಗದಲ್ಲಿ ಕೂಡುತ್ತಾರೆ. ಆ ಜಾಗದ ಮುಖ ಎತ್ತಲೂ ಇರಬಹುದು. ಮೊದಲನೇ ನಿಮಿಷದಲ್ಲೇ ಶ್ರಾವಣಿ ಎದ್ದಳು, ಓಡಿದಳು, ಖೋ ಕೊಟ್ಟಳು, ಸರಿಯಾಗಿ ನನ್ನ ಕಡೆಗೇ ಮುಖ ಮಾಡಿ ಕೂತಳು. ನಾನು ಬಗ್ಗಿಕೊಂಡು ಮೈದಾನ ಸುತ್ತಿ ಆ ಕಡೆ ಓಡಿದೆ. ಹೋಗಿ ಮುಟ್ಟುವಷ್ಟರಲ್ಲಿ ಅವಳು ಮತ್ತೆ ಎದ್ದು ಈ ಕಡೆ ತಿರುಗಿ ಕೂತಿದ್ದಳು. ಮತ್ತೆ ಓಡಿದೆ. ಹೀಗೆ ಐದು ಸುತ್ತು. ಹೆಲ್ಮೆಟ್ಟಿನೊಳಗೆ ಬೆವರು ಕಿವಿಗೆ ಇಳಿಯುತ್ತಿತ್ತು. ಅಂದು ಎರಡೂ ತಂಡಗಳಲ್ಲಿ ನನ್ನಷ್ಟು ಓಡಿದವರು ಇರಲಿಕ್ಕಿಲ್ಲ.

ಮೂಲೆಯಲ್ಲಿ ಚುರುಮುರಿ ಮಾರುತ್ತ ಕೂತಿದ್ದ ಅಜ್ಜಿ ಆರನೇ ಸುತ್ತಿಗೆ ನನ್ನನ್ನು ತಡೆದು ಕೇಳಿದಳು: ‘ಯಪ್ಪಾ, ನೀ ಯಾವ ಟೀಮಿನಂವ? ಯಾರೂ ಔಟ್ ಮಾಡವಲ್ರಲ್ಲ ನಿನ್ನ?’

ಕೊನೆಯ ಒಂದು ನಿಮಿಷ ಉಳಿಯಿತು. ಎದುರು ತಂಡದ ಒಬ್ಬ ಹುಡುಗಿಯನ್ನು ಔಟ್ ಮಾಡಿದರೆ ಕಪ್ ನಮ್ಮದು. ಶ್ರಾವಣಿ ಆ ಕಡೆ ಮುಖ ಮಾಡಿ ಕೂತಿದ್ದಳು, ನಾನು ಸರಿಯಾಗಿ ಅವಳ ಬೆನ್ನ ಹಿಂದಿದ್ದೆ. ಉಸಿರು ಕಟ್ಟಿ ಹೋಗಿ ಹೆಲ್ಮೆಟ್ ತೆಗೆದಿದ್ದೆ. ಹಸಿರು ಅಂಗಿಯ ಆ ಹುಡುಗಿ ದಣಿದು ಶ್ರಾವಣಿಯ ಮುಂದೆಯೇ ತಡವರಿಸುತ್ತಿದ್ದಳು. ಖೋ ಕೊಡಬೇಕಾದ ನಮ್ಮವಳು ಇನ್ನೂ ನಾಲ್ಕು ಹೆಜ್ಜೆ ದೂರ. ಈಗ ಎದ್ದರೆ ಸಿಕ್ಕಳು. ಈಗ ಎದ್ದರೆ. ಈಗ.

‘ಖೋ!’

ಅಂದವನು ನಾನು.

ಕೂತ ಉಳಿದ ಏಳು ಹುಡುಗಿಯರಲ್ಲಿ ಒಬ್ಬಳೂ ಅಲುಗಲಿಲ್ಲ. ಶ್ರಾವಣಿ ಎದ್ದಳು. ಬೆನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಎದ್ದಳು, ಮಾಳಿಗೆಯ ಮೇಲೆ ಏಳುತ್ತಿದ್ದ ಹಾಗೆಯೇ ಎದ್ದಳು. ಎರಡು ಹೆಜ್ಜೆಯಲ್ಲಿ ಹಸಿರು ಅಂಗಿಯವಳನ್ನು ಮುಟ್ಟಿಯೂ ಬಿಟ್ಟಳು. ಎಷ್ಟು ಚೆಂದ ಎದ್ದಳೆಂದರೆ ಸೀಟಿ ಊದಿದ್ದು ನನಗೆ ಕೇಳಿಸಲೇ ಇಲ್ಲ. ನಾನು ಹೆಲ್ಮೆಟ್ಟನ್ನು ಮೇಲಕ್ಕೆ ಹಾರಿಸಿ ಕುಣಿಯುತ್ತಿದ್ದೆ.

ಫೌಲ್. ಮುಟ್ಟಿದ್ದು ಲೆಕ್ಕಕ್ಕಿಲ್ಲ. ಆಟ ಮತ್ತೆ ಶುರುವಾಗಿ ಹತ್ತು ಎಣಿಸುವಷ್ಟರಲ್ಲಿ ಸಮಯ ಮುಗಿಯಿತು. ಹಸಿರು ಅಂಗಿಯವರು ಒಬ್ಬರನ್ನೊಬ್ಬರು ಎತ್ತಿಕೊಂಡರು.

‘ಹೊರಗಿಂದ ಖೋ ಅಂದಾವ್ರು ಯಾರ್ರೀ?’ ಎಂದು ಅಂಪೈರ್ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ. ನಾನೇ ಬಗ್ಗಿ ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡೆ.

ಆಗ ಶ್ರಾವಣಿ ತಿರುಗಿ ನೋಡಿದಳು. ಒಂದು ಸಲ ಅವಳು ಮೈದಾನದಿಂದ ನನ್ನನ್ನು ಹುಡುಕಿ ನೋಡಲಿ ಎಂದು ವರ್ಷವೆಲ್ಲ ಆಸೆಪಟ್ಟಿದ್ದೆ. ನೋಡಿದಳು. ಕಣ್ಣು ತುಂಬಿದ್ದವು. ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿಕೊಂಡು ನಾನೂ ಒಳಗೇ ಅತ್ತೆ. ಹೆಲ್ಮೆಟ್ಟಿನಿಂದ ಆದ ಉಪಯೋಗ ಅದೊಂದೇ.

ಪಿ.ಟಿ. ಟೀಚರ್ ಹತ್ತಿರ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ‘ಸರ್, ನೀವು ಮಗಳಿಗೆ ಇಷ್ಟು ಬೆಂಬಲ ಕೊಡೂದು ಭಾಳ ಛಲೋ. ಮುಂದಿನ ಸಲ ಮನ್ಯಾಗಿಂದ ಕೊಡ್ರಿ.’

ಮನೆಗೆ ಬಂದು ಸುಮಂಗಲಾಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಂತ. ಇಲ್ಲಿ ಅಪ್ಪನ ನಿಂತು ಮಾಡ್ಯಾನ,’ ಎಂದಳು.

ಶ್ರಾವಣಿ ಮೂರು ದಿನ ಮಾತಾಡಲಿಲ್ಲ. ನಾನು ಲೈನ್ ಬಜಾರಿನಿಂದ ಪೇಡೆ ತಂದೆ. ಅವಳು ಮುಟ್ಟಲಿಲ್ಲ, ನಾನೇ ತಿಂದೆ. ‘ಕಾರಣ ಕೇಳಿ ನೋಟಿಸ್’ಗೆ ಉತ್ತರಿಸುವ ಧಾಟಿಯಲ್ಲಿ ಒಂದು ಪುಟದ ಕ್ಷಮಾಪಣೆ ಬರೆದು ಅವಳ ಕಂಪಾಸ್ ಬಾಕ್ಸಿನಲ್ಲಿಟ್ಟೆ. ಮರುದಿನ ಅದು ನನ್ನ ಟಿಫಿನ್ ಡಬ್ಬಿಯ ಕೆಳಗಿತ್ತು, ಎರಡು ಕಾಗುಣಿತ ತಪ್ಪುಗಳಿಗೆ ಕೆಂಪು ಗೆರೆ ಎಳೆದಿತ್ತು. ನಾಲ್ಕನೇ ದಿನ ಅವಳು ಶೂಸಿನ ಮಣ್ಣು ಕೊಡವುತ್ತ ಕೂತಿದ್ದಾಗ ಪಕ್ಕಕ್ಕೆ ಹೋಗಿ ಕೂತೆ.

‘ಅದು ನನ್ನ ದನಿ ಅಂತ ನಿನಗ ಗೊತ್ತಾತೇನವ್ವಾ?’

ಅವಳು ಶೂಸಿನಿಂದ ತಲೆ ಎತ್ತಲಿಲ್ಲ. ‘ಬ್ಯಾರೆ ಯಾರರ ಅಂದಿದ್ರ ನಾ ಯಾಕ ಏಳ್ತಿದ್ದೆ? ನಾ ಎದ್ದಿಲ್ಲಪ್ಪಾ. ಕಾಲು ಎದ್ವು.’

ಸೋತದ್ದು ಅವಳ ತಂಡ. ಆದರೂ ಒಂದು ಕ್ಷಣ, ನಾಚಿಕೆಯಿಲ್ಲದೆ, ನನಗೆ ಸಂತೋಷವಾಯಿತು. ಮುಖದ ಮೇಲೆ ಅದು ಕಾಣಿಸಿರಬೇಕು.

‘ನಗಬ್ಯಾಡ,’ ಎಂದಳು. ‘ಮುಂದಿನ ತಿಂಗಳ ಬೆಂಗೇರ್ಯಾಗ ಟೂರ್ನಮೆಂಟ್ ಐತಿ. ಟೀಚರ್ ಹೇಳ್ಯಾರ, ನಿಮ್ಮಪ್ಪನ ದನಿಗೆ ಏಳೂದು ಮೊದ್ಲ ಬಿಡು ಅಂತ. ನಾಳಿಂದ ಮಾಳಿಗಿ ಮ್ಯಾಲೆ ಪ್ರಾಕ್ಟೀಸ್. ನೀ ಹಿಂದ ನಿಂತು ಖೋ ಖೋ ಅಂತ ಒದರಬೇಕು. ನಾ ಏಳೂದಿಲ್ಲ.’

‘ಬೆನ್ನಿಗೆ ಕೈ?’

‘ಕೈ ಬ್ಯಾಡ. ದೂರ ನಿಂತು ಬರೇ ದನಿ.’

ಹೀಗೆ ನನ್ನನ್ನು ಮರುನೇಮಕ ಮಾಡಿಕೊಳ್ಳಲಾಯಿತು. ಮುಂಜಾನೆ ಐದೂವರೆಗೆ, ಅದೇ ಟಾಕಿ, ಅದೇ ನುಣುಪು ಸಿಮೆಂಟು. ಎರಡು ಜಡೆಯ ಜಾಗದಲ್ಲಿ ಈಗ ಒಂದು ಜುಟ್ಟು. ಬೆನ್ನು ಅಗಲವಾಗಿದೆ. ನಾನು ನಾಲ್ಕು ಹೆಜ್ಜೆ ದೂರ ನಿಂತು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಖೋ ಅನ್ನುತ್ತೇನೆ. ಮೊದಲ ದಿನ ಇಪ್ಪತ್ತು ಖೋಗಳಿಗೆ ಒಂಬತ್ತು ಸಲ ಎದ್ದಳು, ಎದ್ದಾಗಲೆಲ್ಲ ತನ್ನನ್ನೇ ಬೈದುಕೊಂಡಳು. ನಾನೂ ಬಾಯಲ್ಲಿ ಛೇ ಛೇ ಅಂದೆ. ಐದನೇ ದಿನ ನಾಲ್ಕು ಸಲ. ಹತ್ತನೇ ದಿನ ಒಂದೇ ಸಲ. ಅಂದು ಅವಳ ಹಿಮ್ಮಡಿ ಅರ್ಧ ಎದ್ದು, ಮತ್ತೆ ನೆಲಕ್ಕೆ ಕೂತದ್ದನ್ನು ನಾನು ಹಿಂದಿನಿಂದ ನೋಡಿದೆ.

ಇವತ್ತು ಹದಿನಾಲ್ಕನೇ ದಿನ. ಮೆಲ್ಲಗೆ ಅಂದೆ, ಜೋರಾಗಿ ಅಂದೆ, ಇಪ್ಪತ್ತರವರೆಗೆ ಎಣಿಸಿ ಅಂದೆ. ಗೋಪನಕೊಪ್ಪದಲ್ಲಿ ಅಂದ ಹಾಗೆಯೇ ಗಂಟಲು ಹರಿಯುವಂತೆ ಕೂಗಿದೆ. ಇಪ್ಪತ್ತಕ್ಕೆ ಇಪ್ಪತ್ತು, ಅವಳು ಅಲುಗಲಿಲ್ಲ. ಕಿವಿ ಸಹ ಅಲುಗಲಿಲ್ಲ.

‘ಭಾಳ ಛಲೋ ಕಲಸಿದಿ ಅಪ್ಪಾ,’ ಎಂದು ಎದ್ದು, ನನ್ನ ಹೆಗಲು ತಟ್ಟಿ, ಶಾಲೆಯ ಮೈದಾನಕ್ಕೆ ಹೊರಟುಹೋದಳು. ಮೂರು ವರ್ಷ ಕಲಿಸಿದ್ದನ್ನು ಎರಡೇ ವಾರದಲ್ಲಿ ಮರೆಸಿದ ನನ್ನಂಥ ಗುರು ಇನ್ನೊಬ್ಬನಿಲ್ಲ. ಗೇಟು ಹಾಕಿದ ಸದ್ದಾದ ಮೇಲೆ, ಖಾಲಿ ಸಿಮೆಂಟಿನ ಕಡೆ ನೋಡಿ, ಹಳೆಯ ಚಟಕ್ಕೆ ಇನ್ನೊಂದು ಸಲ ಅಂದೆ.

‘ಖೋ.’

‘ಎದ್ದೇನ್ರೀ ಸಾಹೇಬ್ರ,’ ಎಂದರು ಕಿಟಕಿಯಿಂದ ಕಟ್ಟೀಮನಿ ಕಾಕಾ. ‘ಆವಾಗ್ಲೆ ಎದ್ದೇನಿ.’